ಲ್ಯಾಟಿನ್ ಸಂತಸ್ತುತಿಗಳೂ ನಮ್ಮ ಛಂದಸ್ಸೂ

ಕಾರ್ಕಳದ ಬಳಿಯ ಅತ್ತೂರಿನಲ್ಲಿ ವರ್ಷವರ್ಷವೂ ಜನವರಿಯಲ್ಲಿ ಸಂತ ಲಾರೆನ್ಸರ ಮಹೋತ್ಸವ ನಡೆಯುತ್ತದೆ. ನಾವುಂದ, ಕುಂದಾಪುರಗಳ ಕಡೆಯಿಂದಲೂ ಮತಭೇದವಿಲ್ಲದೆ ಜನರು ಅಲ್ಲಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುವುದುಂಟು. 1759ರಲ್ಲಿ ಸ್ಥಾಪಿತವಾದ ಆ ಇಗರ್ಜಿಗೆ 2016ರಲ್ಲಿ ಬಸಿಲಿಕಾ ಎಂಬ ಗೌರವ ಸಂದಿತು. ಸಂತರ ಸ್ಮರಣೆಯ ದಿನವಾದರೋ ಆಗಸ್ಟ್ 10. ರೋಮಿನಲ್ಲಿ ಡೀಕನ್ ಪದವಿಯಲ್ಲಿದ್ದ ಅವರು ಕ್ರಿ.ಶ. 258ರಲ್ಲಿ, ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, ಹುತಾತ್ಮರಾದರು. ಸಭೆಯ ನಿಧಿಯನ್ನು ಒಪ್ಪಿಸೆಂದು ಅಧಿಕಾರಿಯು ಕೇಳಲು, ಊರಿನ ಬಡವರನ್ನೂ ಅಂಗವಿಕಲರನ್ನೂ ಕರೆತಂದು ನಿಲ್ಲಿಸಿದರೆಂಬುದು ಐತಿಹ್ಯ. ಈ ಕಥೆಯನ್ನು ಬಲ್ಲವರು ನಮ್ಮಲ್ಲಿ ಅನೇಕರು. ಅದನ್ನು ಹಾಡಿದ ಲ್ಯಾಟಿನ್ ಕವಿಗಳನ್ನು ಬಲ್ಲವರು ವಿರಳ.

ಅವರಲ್ಲಿ ಮೊದಲಿಗರು ಮಿಲಾನಿನ ಬಿಷಪ್ ಆಂಬ್ರೋಸರು. 386ರಲ್ಲಿ ಅರಮನೆಯ ಕೋಪಕ್ಕೆ ಗುರಿಯಾದ ಅವರೊಡನೆ ಜನರು ದೇವಾಲಯದೊಳಗೆ ಜಾಗರಣೆ ಕುಳಿತಾಗ, ದುಃಖದಿಂದ ಕುಗ್ಗದಿರಲೆಂದು ಹಾಡಿಸುವ ಪದ್ಧತಿ ಹುಟ್ಟಿತೆಂದು ಸಂತ ಅಗಸ್ಟೀನರು ಬರೆದಿದ್ದಾರೆ. ಲಾರೆನ್ಸರನ್ನು ಕುರಿತ ಸ್ತೋತ್ರವೊಂದು ಆಂಬ್ರೋಸರದೇ ಎಂದು ಬಹುಮಂದಿ ವಿದ್ವಾಂಸರ ಮತ. ನಾಲ್ಕು ಪಾದಗಳ ಎಂಟು ಪದ್ಯಗಳು. ಪಾದಕ್ಕೆ ಎಂಟು ಅಕ್ಷರ. 348ರಲ್ಲಿ ಸ್ಪೇನಿನಲ್ಲಿ ಜನಿಸಿದ ಪ್ರುಡೆಂಶಿಯಸ್ ಕವಿಯು ಅದೇ ವಸ್ತುವನ್ನು ಅದೇ ಮಟ್ಟಿನಲ್ಲಿ 584 ಪಾದಗಳಿಗೆ ಹಿಗ್ಗಿಸಿದನು.

ಈ ಮಟ್ಟನ್ನು ಪ್ರಸ್ತಾರ ಹಾಕಿ ನೋಡಿದ ಕನ್ನಡಿಗನಿಗೆ ಆಶ್ಚರ್ಯ ಕಾದಿದೆ. ಲಘು-ಗುರು ಎಂಬ ಜೋಡಿ ನಾಲ್ಕು ಸಲ ಬಂದರೆ ಒಂದು ಪಾದ. ಜ, ರ ಗಣಗಳೂ ಮೇಲೊಂದು ಲಘು, ಒಂದು ಗುರುವೂ ಉಳ್ಳ ನಮ್ಮ ಪ್ರಮಾಣಿಕಾ ವೃತ್ತವೇ ಇದು! ಇಮ್ಮಡಿಸಿದರೆ ಪಂಚಚಾಮರ, ಶಿವತಾಂಡವ ಸ್ತೋತ್ರದ ಓಟ ಯಾರಿಗೆ ತಿಳಿಯದು? ಆದರೆ ಲ್ಯಾಟಿನ್ ಕವಿಯು ಒಂದನೆಯ, ಐದನೆಯ ಸ್ಥಾನಗಳಲ್ಲಿ ಗುರುವನ್ನೂ ಇಡಬಲ್ಲನು. ಒತ್ತಕ್ಷರದ ಹಿಂದಿನದು ಗುರುವೆಂಬ ನಿಯಮ ಅಲ್ಲಿಯೂ ಇದೆ. ರೇಫ-ಲಕಾರಗಳು ಕೂಡಿದ ಕೆಲವೆಡೆ ವಿನಾಯಿತಿಯೂ ಇದೆ. ನಮ್ಮ ಶಿಥಿಲದ್ವಿತ್ವದ ನೆನಪಾಗದಿರದು.

ಕಾಲಕ್ರಮದಲ್ಲಿ ಲ್ಯಾಟಿನ್ ಆಡುವವರ ಕಿವಿಯಿಂದ ಹ್ರಸ್ವ-ದೀರ್ಘಗಳ ಭೇದ ಅಳಿಯಿತು. ಮುಂದಿನ ಸ್ತುತಿಕಾರರು ಅಕ್ಷರಸಂಖ್ಯೆ ಮತ್ತು ಉಚ್ಚಾರಣೆಯ ಒತ್ತನ್ನು ನೆಚ್ಚಿ ಹಾಡಿದರು. 1632ರಲ್ಲಿ ಎಂಟನೆಯ ಅರ್ಬನ್ ಪೋಪರ ಆಣತಿಯಂತೆ ಪಂಡಿತರು ಇವುಗಳಲ್ಲೆಲ್ಲ 'ದೋಷ' ಹುಡುಕಿ ತಿದ್ದಿದರು. ಅಂಶಗಣದ ತ್ರಿಪದಿಯನ್ನು ಮಾತ್ರೆಯ ತಕ್ಕಡಿಯಲ್ಲಿಟ್ಟು ತಪ್ಪೆಂದ ನಮ್ಮವರಿಗಿಂತ ಅವರು ಬೇರೆಯವರಲ್ಲ. ಪದ್ಯ ತಿದ್ದುವ ಚಟ ನನಗೂ ಇರುವುದರಿಂದ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. 1971ರ ಪ್ರಾರ್ಥನಾಗ್ರಂಥದಲ್ಲಿ ಹಳೆಯ ಪಾಠಗಳು ಬಹುಮಟ್ಟಿಗೆ ಮರಳಿದವು.

ಅಷ್ಟರಲ್ಲಿ ಲ್ಯಾಟಿನ್ನಿನ ಬಳಕೆಯೇ ಹಿಂದೆ ಸರಿದಿತ್ತು. ಡಿಸೆಂಬರ್ 1963ರ ವ್ಯಾಟಿಕನ್ ಮಹಾಸಭೆಯ ನಿರ್ಣಯದಿಂದ ಪೂಜೆಗೆ ದೇಶಭಾಷೆಗಳು ಬಂದವು. ನಮ್ಮ ಕರಾವಳಿಯಲ್ಲಿ ಕೊಂಕಣಿಯೂ ಕನ್ನಡವೂ ಬಂದವು. ಜನರಿಗೆ ಅರ್ಥವಾಗಬೇಕೆಂಬುದು ನ್ಯಾಯವೇ. ಆದರೆ ಅರ್ಥವನ್ನು ಮಾತ್ರ ಗದ್ಯದಂತೆ ತಂದರೆ, ಜಾಗರಣೆಯ ಜನರನ್ನು ಎಚ್ಚರವಾಗಿಟ್ಟ ಆ ನಡೆ ಕೈಬಿಟ್ಟುಹೋಗುತ್ತದೆ. ಪ್ರಮಾಣಿಕೆಯಲ್ಲಿಯೇ ಕನ್ನಡಿಸುವುದು ಸಾಧ್ಯವಾದರೂ ಲಘುವಿನ ಮೇಲೆ ಗುರು ಬರುವ ಗಣ ನಮ್ಮ ನುಡಿಗೆ ಒಗ್ಗದು, ಪದ್ಯ ಸಂಸ್ಕೃತಮಯವಾದೀತು. ಪಾದದ ಮಾತ್ರೆಗಳನ್ನು ಎಣಿಸಿದರೆ ಹನ್ನೆರಡು, ಅಂದರೆ ಮೂರು ಮಾತ್ರೆಯ ನಾಲ್ಕು ಗಣ. ಅದು ಉತ್ಸಾಹ ರಗಳೆಯ ನಡೆ. ಶರಣರ ಚರಿತೆಗೆ ಹರಿಹರನು ರಗಳೆಯನ್ನೇ ಹಿಡಿದನಲ್ಲವೆ? ಲಾರೆನ್ಸರ ಸ್ತುತಿಯನ್ನು ಕನ್ನಡಿಸಹೊರಟವರು ಮೊದಲು ಆ ಮಟ್ಟನ್ನು ಗುನುಗಿ ನೋಡಲಿ.