ಉಷ್ಣಯುಗ್ಮ: ಎರಡು ತಂತಿಗಳಿಂದ ಶಾಖವನ್ನು ಅಳೆಯುವ ಪಾಠ

ಮೈ ಮುಟ್ಟಿ ನೋಡಿ ಜ್ವರವನ್ನು ತಿಳಿಯುವದು ತಾಯಂದಿರ ಹಳೆಯ ವಾಡಿಕೆ. ಆದರೆ ಕೈಯ ಸಾಕ್ಷಿಯು ಯಾವಾಗಲೂ ನಂಬತಕ್ಕದ್ದಲ್ಲ. ತಣ್ಣೀರಿನಲ್ಲಿ ಅದ್ದಿದ ಕೈಗೆ ಉಗುರುಬೆಚ್ಚನೆಯ ನೀರೂ ಬಿಸಿಯಾಗಿ ತೋರುವದು. ಆದಕಾರಣ ಉಷ್ಣಮಾಪಕವು ಬೇಕಾಯಿತು. ಆದರೆ ಗಾಜಿನ ನಳಿಗೆಯೊಳಗಿನ ಪಾದರಸವು ಸುಮಾರು ೩೫೭ ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾನೇ ಕುದಿಯುವದು. ಮಣ್ಣಿನ ಮಣಿ, ಓಲೆ, ಪದಕಗಳನ್ನು ಸುಡುವ ಸಣ್ಣ ವಿದ್ಯುತ್ ಆವಿಗೆಯೋ ೯೦೦ ಡಿಗ್ರಿಯನ್ನು ಮುಟ್ಟಬಲ್ಲದು. ಇಂಥ ಸ್ಥಳದಲ್ಲಿ ನಮಗೆ ನೆರವಾಗುವದು ಥರ್ಮೋಕಪಲ್ ಎಂಬ ಸಾಧನ. ಇದನ್ನು ಕನ್ನಡದಲ್ಲಿ ಉಷ್ಣಯುಗ್ಮವೆನ್ನುವರು. ಮನೆಯಲ್ಲಿ ಇಲೆಕ್ಟ್ರಾನಿಕ್ಸ್ ಕೆಲಸವನ್ನು ಹವ್ಯಾಸಕ್ಕಾಗಿ ಮಾಡುವ ನಮ್ಮ ಸಹೋದರಿಯರಿಗೂ, ಮಕ್ಕಳ ಈ ಆಸಕ್ತಿಯನ್ನು ಕಂಡು ಸಂತೋಷವನ್ನೂ ಅಂಜಿಕೆಯನ್ನೂ ಒಟ್ಟಿಗೆ ಪಡುವ ತಂದೆತಾಯಿಗಳಿಗೂ ಉಪಯೋಗವಾಗಲೆಂದು ಅದರ ವಿಷಯವನ್ನು ಇಲ್ಲಿ ವಿವರಿಸುತ್ತೇವೆ.

೧೮೨೧ನೆಯ ಇಸವಿಯಲ್ಲಿ ಥಾಮಸ್ ಯೋಹಾನ್ ಸೀಬೆಕ್ ಎಂಬ ವಿಜ್ಞಾನಿಯು ಎರಡು ಬೇರೆ ಬೇರೆ ಲೋಹಗಳ ತುದಿಗಳನ್ನು ಕೂಡಿಸಿ ಒಂದು ಕಟ್ಟನ್ನು ಮಾಡಿ, ಒಂದು ಕೂಡಿಕೆಯನ್ನು ಕಾಯಿಸಿದಾಗ, ಬಳಿಯಲ್ಲಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು. ಶಾಖದಿಂದ ಲೋಹಕ್ಕೆ ಅಯಸ್ಕಾಂತಗುಣವು ಬಂದಿತೆಂದು ಅವನು ಎಣಿಸಿದನು. ಆದರೆ ಕಟ್ಟಿನಲ್ಲಿ ವಿದ್ಯುತ್ಪ್ರವಾಹವು ಹರಿಯುವದರಿಂದಲೇ ಮುಳ್ಳು ಅಲುಗುವದೆಂದು ಡೆನ್ಮಾರ್ಕಿನ ಅರ್ಸ್ಟೆಡ್ ಎಂಬವನು ತಿಳಿಸಿಕೊಟ್ಟನು. ನಿಜವಾದದ್ದನ್ನು ಕಂಡ ಮಾತ್ರಕ್ಕೆ ಅದರ ಕಾರಣವನ್ನೂ ಕಂಡೆವೆಂದು ತಿಳಿಯಬಾರದೆಂಬ ಬುದ್ಧಿಯು ಇದರಲ್ಲಿ ಅಡಗಿದೆ.

ಇದು ಹೇಗೆ ಆಗುವದು? ಲೋಹದ ತಂತಿಯ ಒಂದು ತುದಿಯನ್ನು ಕಾಯಿಸಿದರೆ ಅದರೊಳಗಿನ ಇಲೆಕ್ಟ್ರಾನುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವವು. ಅದರಿಂದ ಎರಡು ತುದಿಗಳ ನಡುವೆ ವಿದ್ಯುತ್ತಿನ ಸ್ವಲ್ಪ ಒತ್ತಡವು ಹುಟ್ಟುವದು. ಎರಡೂ ತಂತಿಗಳು ಒಂದೇ ಲೋಹದವುಗಳಾದರೆ ಈ ಒತ್ತಡಗಳು ಒಂದನ್ನೊಂದು ಅಳಿಸಿಬಿಡುವವು. ಬೇರೆ ಲೋಹಗಳಾದರೆ ವ್ಯತ್ಯಾಸವು ಉಳಿಯುವದು. ಆ ವ್ಯತ್ಯಾಸವನ್ನೇ ನಾವು ಅಳೆಯುವೆವು. ಒತ್ತಡವು ಕೂಡಿಕೆಯ ಚುಕ್ಕೆಯಲ್ಲಿ ಹುಟ್ಟುವದೆಂದು ಹಲವರು ನಂಬಿರುವರು. ಅದು ಸರಿಯಲ್ಲ. ಬಿಸಿಯಿಂದ ತಂಪಿಗೆ ಇಳಿಯುವ ತಂತಿಯ ಉದ್ದದಲ್ಲಿಯೇ ಅದು ಹುಟ್ಟುವದು.

ಹವ್ಯಾಸಿಗಳು ಸಾಧಾರಣವಾಗಿ ಕೊಳ್ಳುವದು ‘ಕೆ’ ಜಾತಿಯ ಯುಗ್ಮವನ್ನು. ಅದರ ಒಂದು ತಂತಿ ನಿಕಲ್ ಮತ್ತು ಕ್ರೋಮಿಯಂ ಬೆರೆತ ಕ್ರೋಮೆಲ್. ಇನ್ನೊಂದು ನಿಕಲ್ಲಿಗೆ ಅಲ್ಯುಮಿನಿಯಂ ಮುಂತಾದವುಗಳನ್ನು ಬೆರೆಸಿದ ಅಲ್ಯುಮೆಲ್. ಒಂದು ಡಿಗ್ರಿ ಏರಿದರೆ ಅದು ಕೊಡುವದು ವೋಲ್ಟಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು ೪೧ ಪಾಲು ಮಾತ್ರ. ಕೈದೀಪದ ಒಂದೂವರೆ ವೋಲ್ಟಿನ ಸೆಲ್ಲಿನ ಬಲವು ಇದಕ್ಕಿಂತ ೩೬,೦೦೦ ಪಟ್ಟಿಗೂ ಹೆಚ್ಚು. ಇಷ್ಟು ಸಣ್ಣ ಧ್ವನಿಯನ್ನು ಕೇಳಬೇಕಾದರೆ ಅದನ್ನು ಹಿಗ್ಗಿಸುವ ಉಪಕರಣವು ಬೇಕು.

ಮುಖ್ಯವಾದ ಪಾಠವು ಇನ್ನು ಮುಂದೆ ಇದೆ. ಉಷ್ಣಯುಗ್ಮವು ಉಷ್ಣತೆಯನ್ನು ಹೇಳುವದಿಲ್ಲ. ಎರಡು ಸ್ಥಳಗಳ ಉಷ್ಣತೆಯ ವ್ಯತ್ಯಾಸವನ್ನು ಮಾತ್ರ ಹೇಳುವದು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಿಸಿ ತುದಿಯು ೧೦೦ ಡಿಗ್ರಿಯಲ್ಲಿಯೂ ತಂಪು ತುದಿಯು ಸೊನ್ನೆಯಲ್ಲಿಯೂ ಇದ್ದರೆ ‘ಕೆ’ ಯುಗ್ಮವು ೪.೦೯೬ ಮಿಲಿವೋಲ್ಟ್ ಕೊಡುವದೆಂದು ಕೋಷ್ಟಕವು ತಿಳಿಸುತ್ತದೆ. ಬಿಸಿ ತುದಿಯು ೩೦ ಡಿಗ್ರಿಯಲ್ಲಿದ್ದರೆ ೧.೨೦೩. ಈಗ ಕೋಣೆಯ ಉಷ್ಣತೆಯು ೩೦ ಡಿಗ್ರಿ ಇರಲಾಗಿ, ೧೦೦ ಡಿಗ್ರಿಯ ಕುದಿನೀರಿನಲ್ಲಿ ತುದಿಯನ್ನು ಇಟ್ಟರೆ ನಮಗೆ ಸಿಕ್ಕುವದು ಇವೆರಡರ ವ್ಯತ್ಯಾಸವಾದ ೨.೮೯೩ ಮಿಲಿವೋಲ್ಟ್ ಮಾತ್ರ. ಕೋಣೆಯನ್ನು ಲೆಕ್ಕಕ್ಕೆ ಹಿಡಿಯದವಳು ಕುದಿನೀರು ಸುಮಾರು ೭೧ ಡಿಗ್ರಿ ಎಂದಾಳು! ಆದುದರಿಂದ ತಂಪು ತುದಿಯ ಉಷ್ಣತೆಯನ್ನು ಬೇರೆ ಸಾಧನದಿಂದ ಅಳೆದು, ಅದಕ್ಕೆ ತಕ್ಕ ೧.೨೦೩ನ್ನು ಕೂಡಿಸಿ, ಬಳಿಕ ಕೋಷ್ಟಕವನ್ನು ನೋಡಬೇಕು.

ಈ ಕೆಲಸವನ್ನು ಈಗ ಬೆರಳುಗುರಿನಷ್ಟು ಚಿಕ್ಕ ಚಿಪ್ಪುಗಳು ಮಾಡುತ್ತವೆ. ಮ್ಯಾಕ್ಸ್-೬೬೭೫ ಎಂಬ ಚಿಪ್ಪು ತನ್ನ ಮೈಯ ಉಷ್ಣತೆಯನ್ನು ತಾನೇ ಅಳೆದು, ಲೆಕ್ಕವನ್ನು ಕೂಡಿಸಿ, ಕಾಲು ಡಿಗ್ರಿಯ ಮೆಟ್ಟಿಲುಗಳಲ್ಲಿ ೧೦೨೪ ಡಿಗ್ರಿಯ ವರೆಗೆ ಅಂಕಿಯನ್ನು ಒಪ್ಪಿಸುತ್ತದೆ. ಆದರೆ ಕಾಲು ಡಿಗ್ರಿಯನ್ನು ತೋರಿಸುವದು ಬೇರೆ, ಕಾಲು ಡಿಗ್ರಿಯಷ್ಟು ಸರಿಯಾಗಿರುವದು ಬೇರೆ. ಸಾಧಾರಣ ದರ್ಜೆಯ ‘ಕೆ’ ತಂತಿಗೆ ೨.೨ ಡಿಗ್ರಿ, ಇಲ್ಲವೆ ಅಳತೆಯ ನೂರಕ್ಕೆ ಮುಕ್ಕಾಲು, ಇವುಗಳಲ್ಲಿ ಯಾವದು ಹೆಚ್ಚೋ ಅಷ್ಟು ತಪ್ಪು ಸಲ್ಲುವದೆಂದು ನಿಯಮವುಂಟು. ೯೦೦ ಡಿಗ್ರಿಯಲ್ಲಿ ಅದು ಸುಮಾರು ಏಳು ಡಿಗ್ರಿ.

ತಂತಿಯನ್ನು ಉದ್ದಮಾಡುವಾಗ ಜಾಗ್ರತೆ ಬೇಕು. ಆವಿಗೆಯ ಬಾಯಿಯ ಹತ್ತಿರ ೬೦ ಡಿಗ್ರಿ ಬಿಸಿಯಿರುವಲ್ಲಿ ತಾಮ್ರದ ತಂತಿಯನ್ನು ಕೂಡಿಸಿದರೆ, ನಿಜವಾದ ತಂಪು ತುದಿಯು ಆ ಕೂಡಿಕೆಯೇ ಆಗುವದು. ೩೦ ಡಿಗ್ರಿಯ ಕೋಣೆಯಲ್ಲಿರುವ ಚಿಪ್ಪಿಗೆ ಅದು ತಿಳಿಯದು. ಅಂಕಿಯು ಸುಮಾರು ೩೦ ಡಿಗ್ರಿ ಕಡಿಮೆಯಾಗಿ ಬರುವದು, ಆಭರಣಗಳು ಅಷ್ಟು ಹೆಚ್ಚಾಗಿ ಬೇಯುವವು. ಆದಕಾರಣ ಚಿಪ್ಪಿನ ವರೆಗೂ ಅದೇ ಜಾತಿಯ ತಂತಿಯನ್ನು ಎಳೆಯಬೇಕು.

ಇನ್ನೊಂದು ತೊಡಕು ಬಣ್ಣದ್ದು. ಕೆಂಪು ತಂತಿ ಧನವೆಂಬದು ವಿದ್ಯುತ್ ಕೆಲಸದವರ ರೂಢಿ. ಅಮೇರಿಕೆಯ ಪದ್ಧತಿಯ ‘ಕೆ’ ಯುಗ್ಮದಲ್ಲಿಯೋ ಹಳದಿಯು ಧನ, ಕೆಂಪು ಋಣ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸುರು ಧನ, ಬಿಳಿ ಋಣ. ಸಂದೇಹ ಬಂದರೆ ಅಯಸ್ಕಾಂತವನ್ನು ಹಿಡಿದು ನೋಡಿರಿ. ಋಣವಾದ ಅಲ್ಯುಮೆಲ್ ಅದಕ್ಕೆ ಅಂಟಿಕೊಳ್ಳುವದು, ಕ್ರೋಮೆಲ್ ಅಂಟದು.

ತಂತಿಗಳು ತಿರುಗುಮುರುಗಾದರೆ ಆಗುವ ಕೇಡು ಸಣ್ಣದಲ್ಲ. ಆವಿಗೆಯು ಕಾದಷ್ಟೂ ಅಂಕಿಯು ಇಳಿಯುವದು. ಯಂತ್ರವು ಇನ್ನೂ ತಂಪಾಗಿದೆಯೆಂದು ನಂಬಿ ವಿದ್ಯುತ್ತನ್ನು ಕೊಡುತ್ತಲೇ ಇರುವದು. ನಡುವೆ ಹೊದಿಕೆ ಸುಟ್ಟು ತಂತಿಗಳು ಒಂದನ್ನೊಂದು ಮುಟ್ಟಿದರೂ ಹಾಗೆಯೇ. ಮುಟ್ಟಿದ ಸ್ಥಳದ ಉಷ್ಣತೆಯನ್ನೇ ಅದು ಆವಿಗೆಯದೆಂದು ಹೇಳುವದು. ಇದರಿಂದ ಮನೆಗೆ ಬೆಂಕಿ ಬೀಳಬಹುದು. ಆದಕಾರಣ ಮೂರು ಕಟ್ಟಳೆಗಳನ್ನು ವಿಧಿಸುತ್ತೇವೆ. ತಂತಿ ಕಡಿದಿದೆಯೆಂದು ಚಿಪ್ಪು ಸೂಚಿಸಿದೊಡನೆ ಕಾಯಿಸುವದು ನಿಲ್ಲಬೇಕು. ಕಾಯಿಸುತ್ತಿದ್ದರೂ ಗೊತ್ತಾದ ನಿಮಿಷಗಳೊಳಗೆ ಅಂಕಿಯು ಏರದಿದ್ದರೆ ನಿಲ್ಲಬೇಕು. ಇವೆರಡೂ ತಪ್ಪಿದರೆ ವಿದ್ಯುತ್ತನ್ನು ಕತ್ತರಿಸಲು ಬೇರೊಂದು ಸ್ವತಂತ್ರ ಏರ್ಪಾಡು ಇರಬೇಕು. ಮನೆಯ ವಿದ್ಯುತ್ತಿಗೆ ಸೇರಿದ ಜೋಡಣೆಯನ್ನು ಬಲ್ಲವರಿಂದಲೇ ಮಾಡಿಸತಕ್ಕದ್ದು. ಆವಿಗೆಯು ಉರಿಯುವಾಗ ಮನೆಯನ್ನು ಬಿಟ್ಟು ಹೋಗತಕ್ಕದ್ದಲ್ಲ.

ಕೆಲಸಕ್ಕೆ ಮುಂಚೆ ಎರಡು ಪರೀಕ್ಷೆಗಳನ್ನು ಮಾಡಿರಿ. ಪುಡಿಮಾಡಿದ ಮಂಜುಗಡ್ಡೆಯನ್ನು ಸ್ವಲ್ಪ ನೀರಿನೊಡನೆ ಕಲಸಿ ತುದಿಯನ್ನು ಇಟ್ಟರೆ ಸೊನ್ನೆಯ ಹತ್ತಿರ ಬರಬೇಕು. ಕುದಿನೀರಿನಲ್ಲಿ ಮಂಗಳೂರಿನವರಿಗೆ ೧೦೦ರ ಹತ್ತಿರ ಬರಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೨೦ ಮೀಟರ್ ಎತ್ತರದಲ್ಲಿರುವದರಿಂದ ಅಲ್ಲಿ ೯೭ರ ಹತ್ತಿರ ಬಂದರೆ ಅದೇ ಸರಿ.

ಏನೂ ಕೊಳ್ಳದೆ ತತ್ವವನ್ನು ನೋಡಬೇಕೆಂಬ ಬಾಲಕಿಯರು ಒಂದು ತಾಮ್ರದ ತಂತಿಯನ್ನೂ ಒಂದು ಕಬ್ಬಿಣದ ತಂತಿಯನ್ನೂ ಬಿಗಿಯಾಗಿ ಹೊಸೆದು, ಇನ್ನೆರಡು ತುದಿಗಳನ್ನು ಮಲ್ಟಿಮೀಟರಿನ ಅತ್ಯಂತ ಕಿರಿಯ ವೋಲ್ಟ್ ಅಳತೆಗೆ ಜೋಡಿಸಿ, ಹಿರಿಯರ ಎದುರಿನಲ್ಲಿ ಮೇಣಬತ್ತಿಯ ಉರಿಗೆ ಮೆಲ್ಲಮೆಲ್ಲನೆ ಹಿಡಿಯಲಿ. ಅಂಕಿಯು ಒಂದು ಮಿಲಿವೋಲ್ಟಿನ ಆಚೀಚೆಗೆ ಏರಿ, ಇನ್ನೂ ಕಾಯಿಸಿದರೆ ಇಳಿಯತೊಡಗುವದು. ಈ ಎರಡು ಲೋಹಗಳ ಗುಣವೇ ಹಾಗೆ. ಆದ್ದರಿಂದಲೇ ಈ ಜೋಡಿಯನ್ನು ಆವಿಗೆಗೆ ಬಳಸುವದಿಲ್ಲ.

ತಂದೆತಾಯಿಗಳಿಗೆ ಒಂದು ಮಾತು. ಉರಿ ಆರಿದೊಡನೆ ಗ್ಯಾಸನ್ನು ತಾನಾಗಿ ಮುಚ್ಚುವ ಒಲೆಗಳು ಕೆಲವು ಮನೆಗಳಲ್ಲಿ ಉಂಟಷ್ಟೆ. ಅಲ್ಲಿ ಕಾವಲಿರುವದು ಇಂಥ ಯುಗ್ಮವೇ. ಹೀಗೆ ಅಡಿಗೆಮನೆಯಲ್ಲಿ ನಮ್ಮನ್ನು ಕಾಯುವ ವಿದ್ಯೆಯು ಹೆಣ್ಣುಮಕ್ಕಳಿಗೆ ಯಾಕೆಂದು ಕೇಳುವದು ಯೋಗ್ಯವಲ್ಲ. ಅಂಜಿಕೆಯಿಂದ ಉಪಕರಣವನ್ನು ಕೈಯಿಂದ ಕಸಿದುಕೊಂಡರೆ ಮಗಳು ಅಪಾಯದಿಂದ ದೂರವಾದಾಳು, ತಿಳಿವಳಿಕೆಯಿಂದಲೂ ದೂರವಾದಾಳು. ಅಪಾಯವು ಎಲ್ಲಿ ಹುಟ್ಟುವದೆಂದು ಬಲ್ಲವಳೇ ತನ್ನ ಮನೆಯನ್ನು ಕಾಯಬಲ್ಲಳು. ದೇವರು ಲೋಹಗಳಲ್ಲಿ ಇಟ್ಟಿರುವ ಈ ಗುಣವು ಎಂದಿಗೂ ಸುಳ್ಳಾಡುವದಿಲ್ಲ. ಅದನ್ನು ಸರಿಯಾಗಿ ಕೇಳಿಕೊಳ್ಳುವ ತಾಳ್ಮೆಯನ್ನೂ, ಕಂಡ ಅಂಕಿಯನ್ನು ಪರೀಕ್ಷಿಸದೆ ನಂಬದಿರುವ ವಿವೇಕವನ್ನೂ ನಮ್ಮ ಮಕ್ಕಳಿಗೆ ಕಲಿಸುವದು ನಮ್ಮೆಲ್ಲರ ಕೆಲಸವಾಗಿದೆ.