ನಾಟಕಕ್ಕೊಂದು ಮನೆ

ನಾಟಕವೆಂದೊಡನೆ ನಮಗೆ ನೆನಪಾಗುವವರು ನಟರು. ಮಾತು ಮರೆತವನನ್ನೂ, ಅರ್ಧ ಮೀಸೆ ಉದುರಿಸಿಕೊಂಡವನನ್ನೂ ವರ್ಷಗಟ್ಟಲೆ ನೆನೆದು ನಗುತ್ತೇವೆ. ಅವರು ನಿಂತು ಆಡಿದ ಮನೆಯನ್ನು ಯಾರು ಕಟ್ಟಿದರು, ಏತರಿಂದ ಕಟ್ಟಿದರು ಎಂದು ಕೇಳುವವರು ವಿರಳ. ಕಳೆದ ವಾರ್ಷಿಕೋತ್ಸವದಲ್ಲಿ ನಾವು ಕೈಲಾಸಂ ಅವರ ‘ಬಂಡ್ವಾಳಿಲ್ಲದ್ ಬಡಾಯಿ’ಯನ್ನು ಆಡಿದಾಗ ನನಗೆ ಬಂದದ್ದು ಸಣ್ಣ ಪಾತ್ರ. ಅದು ಸಣ್ಣದಾದುದರಿಂದಲೇ ರಂಗಸಜ್ಜಿಕೆಯ ಕೆಲಸವೂ ನನ್ನ ತಲೆಗೆ ಬಿತ್ತು. ಆಗ ಕಲಿತದ್ದನ್ನೂ, ಕಲಿಯುವ ಮೊದಲು ಮಾಡಿದ ತಪ್ಪನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮ ಬಯಲಾಟಕ್ಕೆ ಗೋಡೆಯೇ ಬೇಡ. ಯಕ್ಷಗಾನದಲ್ಲಿ ‘ರಥ’ವೆಂದು ಕರೆಯುವ ಒಂದು ಮರದ ಪೀಠವೇ ಸಿಂಹಾಸನವಾಗುತ್ತದೆ. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯಂಥ ವೃತ್ತಿ ಮಂಡಲಿಗಳದ್ದು ಇದಕ್ಕೆ ತೀರ ವಿರುದ್ಧವಾದ ದಾರಿ. ಅರಮನೆ, ಕಾಡು, ಬೀದಿ ಎಲ್ಲವೂ ಪರದೆಗಳ ಮೇಲೆ ಚಿತ್ರಿತವಾಗಿ ಒಂದರ ಹಿಂದೊಂದು ಇಳಿಯುತ್ತಿದ್ದವು. ‘ಕುರುಕ್ಷೇತ್ರ’ದಲ್ಲಂತೂ ಜೀವಂತ ಆನೆ ಕುದುರೆಗಳೇ ರಂಗಕ್ಕೆ ಬಂದುವು. ಕೈಲಾಸಂ ಅವರ ವಕೀಲ ಅಹೋಬ್ಲುವಿಗೆ ಇವೆರಡೂ ಒಗ್ಗುವುದಿಲ್ಲ. ಅವನಿಗೆ ಬೇಕಾದದ್ದು ಒಂದು ಸಾಮಾನ್ಯ ಮನೆ. ಸಾಮಾನ್ಯ ಮನೆಯನ್ನು ಕಟ್ಟುವುದು ಅರಮನೆ ಬರೆಯುವುದಕ್ಕಿಂತ ಕಷ್ಟ, ಏಕೆಂದರೆ ಅರಮನೆಯನ್ನು ನಮ್ಮಲ್ಲಿ ಯಾರೂ ಕಂಡಿಲ್ಲ, ಮನೆಯನ್ನು ಎಲ್ಲರೂ ಕಂಡಿದ್ದಾರೆ!

ಕಟ್ಟುವ ಕ್ರಮ ಹೀಗೆ: ಮೂರಂಗುಲ ಅಗಲ, ಒಂದಂಗುಲ ದಪ್ಪದ ಮರದ ಪಟ್ಟಿಗಳಿಂದ ೧೦ ಅಡಿ ಎತ್ತರ, ೪ ಅಡಿ ಅಗಲದ ಚೌಕಟ್ಟುಗಳನ್ನು ಮಾಡಬೇಕು. ಮೂಲೆಗಳಿಗೆ ತ್ರಿಕೋನಾಕಾರದ ಪ್ಲೈವುಡ್ ತುಂಡು ಹೊಡೆಯದಿದ್ದರೆ ಚೌಕಟ್ಟು ಎರಡೇ ದಿನಕ್ಕೆ ವಕ್ರವಾಗುತ್ತದೆ. ಇದರ ಮೇಲೆ ಗೋಣಿಬಟ್ಟೆಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದು, ಬಡಗಿಗಳು ಬಳಸುವ ಅಂಟನ್ನು ಕಾಯಿಸಿ ಸೀಮೆಸುಣ್ಣದ ಪುಡಿ ಬೆರೆಸಿ ಬಳಿಯಬೇಕು. ಒಣಗುತ್ತ ಬಟ್ಟೆ ಕುಗ್ಗಿ ಮದ್ದಳೆಯ ಚರ್ಮದಂತೆ ಬಿಗಿಯುತ್ತದೆ, ಗೋಣಿಯ ಕಣ್ಣುಗಳೂ ಮುಚ್ಚುತ್ತವೆ. ಆಮೇಲೆ ಬಣ್ಣ. ಹಳದಿ ದೀಪದಲ್ಲಿ ನೀಲಿ ಕಪ್ಪಾಗಿ ಕಾಣುವುದರಿಂದ, ಬಣ್ಣವನ್ನು ಹಗಲಿನಲ್ಲಿ ಆರಿಸಿ ಮೋಸಹೋಗಬಾರದು. ಚೌಕಟ್ಟಿನ ಹಿಂದೆ ಓರೆಯಾಗಿ ಒಂದು ಊರೆಗೋಲು ಕೊಟ್ಟು, ಅದರ ಬುಡಕ್ಕೆ ಮರಳಿನ ಚೀಲ ಹೇರಿದರೆ ಗೋಡೆ ನಿಲ್ಲುತ್ತದೆ.

ಇಷ್ಟನ್ನೂ ನಾವು ಸರಿಯಾಗಿಯೇ ಮಾಡಿದೆವು. ಗೋಡೆಯ ಮೇಲೆ ಕ್ಯಾಲೆಂಡರು, ಮೊಳೆಗೆ ತಗುಲಿಸಿದ ಕಪ್ಪು ಕೋಟು. ಅಧ್ಯಾಪಕರೊಬ್ಬರು ನೋಡಿ ‘ನಮ್ಮ ಮನೆಯ ಹಾಗೇ ಇದೆಯಲ್ಲಯ್ಯ’ ಎಂದರು. ಆ ಮಾತಿಗೆ ಉಬ್ಬಿದ ನಾವು ಪ್ರೇಕ್ಷಕರ ಕುರ್ಚಿಯಲ್ಲಿ ಒಮ್ಮೆಯೂ ಕುಳಿತು ನೋಡಲಿಲ್ಲ. ಪಕ್ಕದ ಗೋಡೆಗಳನ್ನು ನೇರವಾಗಿ, ನಿಜವಾದ ಕೋಣೆಯಂತೆಯೇ ನಿಲ್ಲಿಸಿದೆವು. ನೋಡುವವರ ಎಡಕ್ಕಿದ್ದ ಬಾಗಿಲಿನ ತಿರುಗಣಿಯನ್ನು ಪ್ರೇಕ್ಷಕರ ಕಡೆಯ ಕಂಬಕ್ಕೆ ಬಡಿದು, ಕದ ರಂಗದೊಳಕ್ಕೆ ತೆರೆಯುವಂತೆ ಮಾಡಿದೆವು. ಬಾಗಿಲು ತೆರೆದಾಗಲೆಲ್ಲ ಆ ಕದ ತಟ್ಟಿಯಂತೆ ಅಡ್ಡ ನಿಲ್ಲುತ್ತಿತ್ತು. ಎಡಬದಿ ಹೆಂಗಸರಿಗೆ ಮೀಸಲು. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದ ನನ್ನ ತಾಯಿ ಅಲ್ಲೇ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಬಾಗಿಲ ಬಳಿಯೇ ನಿಂತು ನನ್ನ ಮಾತೆಲ್ಲ ಆಡಿ ಹೋದೆ. ರಾತ್ರಿ ಊಟಕ್ಕೆ ಕುಳಿತಾಗ ಅವ್ವ, ‘ನಿನ್ನ ದನಿ ಚೆನ್ನಾಗಿ ಕೇಳಿಸಿತಪ್ಪಾ’ ಎಂದಳು. ಬೇರೇನೂ ಹೇಳಲಿಲ್ಲ. ನನಗೆ ಅನ್ನ ಇಳಿಯಲಿಲ್ಲ.

ಮರುದಿನದಿಂದ ಗ್ರಂಥಾಲಯದಲ್ಲಿ ಕುಳಿತೆ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ನಾಟ್ಯಮಂಟಪದ ವಿಷಯವನ್ನೇ ಹೇಳುತ್ತದೆ. ೧೦೮, ೬೪, ೩೨ ಹಸ್ತಗಳ ಮೂರು ಅಳತೆಗಳಲ್ಲಿ ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ್ದೇ ತಕ್ಕದ್ದು. ಅದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣಿಸದು. ಹಸ್ತವೆಂದರೆ ಸುಮಾರು ಒಂದೂವರೆ ಅಡಿ. ಅಂದರೆ ೯೬ ಅಡಿಗೆ ೪೮ ಅಡಿ, ಅದರಲ್ಲಿ ಅರ್ಧ ಮಾತ್ರ ಪ್ರೇಕ್ಷಕರಿಗೆ. ಮುಖ ಕಾಣದ ನಾಟಕ ನಾಟಕವಲ್ಲವೆಂಬುದು ಅಷ್ಟು ಹಿಂದೆಯೇ ತಿಳಿದಿದ್ದ ಸಂಗತಿ. ನಮಗೆ ಮಾತ್ರ ತಿಳಿಯಲಿಲ್ಲ.

ದೋಷ ತಿದ್ದುವ ಉಪಾಯಕ್ಕೆ ಬೇಕಾದದ್ದು ಒಂದು ಉಂಡೆ ದಾರ. ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ ಒಬ್ಬನು ದಾರದ ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ಇನ್ನೊಬ್ಬನು ಅದನ್ನು ಅದೇ ಬದಿಯ ರಂಗದ ಅಂಚಿಗೆ ತಾಗಿಸಿ, ನೇರವಾಗಿ ಹಿಂದಿನ ಗೋಡೆಯವರೆಗೆ ಎಳೆಯಬೇಕು. ದಾರದ ಆಚೆಗೆ ಬಿದ್ದದ್ದೆಲ್ಲ ಆ ಕುರ್ಚಿಗೆ ಕಾಣದ ಜಾಗ. ಎರಡೂ ಬದಿಗಳಿಂದ ಹೀಗೆ ಗೆರೆ ಹಾಕಿ, ಮುಖ್ಯವಾದ ಮಾತೆಲ್ಲ ಗೆರೆಗಳ ಒಳಗೇ ನಡೆಯುವಂತೆ ನೋಡಿಕೊಳ್ಳಬೇಕು. ಪಕ್ಕದ ಗೋಡೆಗಳು ಮುಂದಕ್ಕೆ ಬರುತ್ತ ಹೊರಕ್ಕೆ ಅರಳಬೇಕು. ಕದದ ತಿರುಗಣಿ ಹಿಂಬದಿಯ ಕಂಬಕ್ಕಿದ್ದು, ಅದು ನೇಪಥ್ಯದ ಕಡೆಗೆ ತೆರೆಯಬೇಕು. ಅಭ್ಯಾಸದ ಮೊದಲ ದಿನದಿಂದಲೇ ಇದೇ ಅಳತೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡರೆ ನಟನ ಕಾಲಿಗೆ ಮನೆ ಪರಿಚಯವಾಗುತ್ತದೆ.

ಎರಡು ತಿಂಗಳ ಬಳಿಕ, ಗೆಳೆಯರ ಕೇಳಿಕೆಯಂತೆ ನಮ್ಮೂರ ಜಾತ್ರೆಯಲ್ಲಿ ಅದೇ ನಾಟಕವಾಡಿದೆವು. ಚೌಕಟ್ಟುಗಳ ಬೆನ್ನಿಗೆ ಸಂಖ್ಯೆ ಬರೆದು ಟ್ರ್ಯಾಕ್ಟರಿನಲ್ಲಿ ಸಾಗಿಸಿದೆವು. ಮಧ್ಯಾಹ್ನವೆಲ್ಲ ದಾರ ಹಿಡಿದು ಚಾಪೆಯ ಮೂಲೆಮೂಲೆಯಲ್ಲಿ ಕುಳಿತು ಎದ್ದೆ, ಹುಡುಗರು ನಕ್ಕರು. ಅವ್ವ ರೂಢಿಯಂತೆ ಎಡಬದಿಯ ಅಂಚಿಗೇ ಕುಳಿತಳು. ಆಟ ಮುಗಿದ ಮೇಲೆ ಅವಳು ಕೇಳಿದ ಮೊದಲ ಮಾತು: ‘ಪಂಚೆಯನ್ನು ಅಷ್ಟು ಮೇಲಕ್ಕೆ ಯಾಕೆ ಕಟ್ಟಿದ್ದೆಯೋ?’