ಸಿಹಿಯ ಮಿತಿ

'ಶರ್ಕರಾ' ಎಂಬ ಸಂಸ್ಕೃತ ಶಬ್ದಕ್ಕೆ ಮರಳು, ಹರಳು ಎಂಬ ಅರ್ಥಗಳುಂಟು. ಕಬ್ಬಿನ ರಸದಿಂದ ಪಡೆದ ಸಿಹಿ ಹರಳಿಗೂ ಅದೇ ಹೆಸರು ಸಂದಿತು. ಪ್ರಾಕೃತದ ಮೂಲಕ ಬಂದ ಆ ಶಬ್ದವೇ ನಮ್ಮ 'ಸಕ್ಕರೆ'. ಇದರ ಸವಿಯನ್ನು ಬಲ್ಲ ನಮ್ಮ ಹಿರಿಯರು ಅತಿಯ ಕೇಡನ್ನೂ ಬಲ್ಲವರಾಗಿದ್ದರು. ಚರಕಸಂಹಿತೆಯು ಪ್ರಮೇಹದ ಕಾರಣಗಳನ್ನು ಹೇಳುವಾಗ, ಕುಳಿತಿರುವ ಸುಖ, ನಿದ್ರೆಯ ಸುಖ ಮೊದಲಾದವುಗಳ ಸಾಲಿನಲ್ಲಿಯೇ ಬೆಲ್ಲದಿಂದಾದ ತಿನಿಸುಗಳನ್ನೂ ಎಣಿಸಿದೆ. ಸಕ್ಕರೆಯನ್ನು ತೊರೆದು ಬೆಲ್ಲವನ್ನು ಯಥೇಚ್ಛವಾಗಿ ಬಳಸುವವರು ಇದನ್ನು ಗಮನಿಸಬೇಕು. ಬೆಲ್ಲದ ಬಹುಭಾಗವೂ ಸಕ್ಕರೆಯೇ ಆಗಿದೆ.

ಹಾಗಾದರೆ ಮಿತಿಯೆಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಇದಕ್ಕೆ ಅಳತೆಯನ್ನು ಸೂಚಿಸಿದೆ. ದಿನಕ್ಕೆ 2000 ಕ್ಯಾಲೊರಿಯ ಆಹಾರ ಸೇವಿಸುವವರಿಗೆ ಅದು 50 ಗ್ರಾಂ ಒಳಗಿರಬೇಕು. 25 ಗ್ರಾಂಗೆ ಇಳಿದರೆ ಮತ್ತಷ್ಟು ಲೇಸು. ಇಡಿಯ ಹಣ್ಣಿನಲ್ಲಿಯೂ ಹಾಲಿನಲ್ಲಿಯೂ ಸಹಜವಾಗಿರುವ ಸಿಹಿ ಈ ಲೆಕ್ಕಕ್ಕೆ ಸೇರದು. ಜೇನು, ಬೆಲ್ಲ, ಹಿಂಡಿದ ಹಣ್ಣಿನ ರಸ ಸೇರುತ್ತವೆ. ಎರಡೆರಡು ಚಮಚ ಸಕ್ಕರೆಯ ಚಹವನ್ನು ದಿನಕ್ಕೆ ಮೂರು ಬಾರಿ ಕುಡಿದರೆ ಸುಮಾರು 30 ಗ್ರಾಂ ಆಯಿತು. 300 ಮಿಲಿಲೀಟರಿನ ಒಂದು ಕೋಲಾ ಪಾನೀಯದಲ್ಲಿಯೂ ಸರಿಸುಮಾರು ಅಷ್ಟೇ ಇರುತ್ತದೆ. ಹೀಗೆ ಉಂಡದ್ದಕ್ಕಿಂತ ಕುಡಿದದ್ದೇ ಅರಿವಿಲ್ಲದೆ ಮಿತಿಯನ್ನು ಮೀರಿಸುತ್ತದೆ.

ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿರುವರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ತಿಳಿಸಿತು. ಸಕ್ಕರೆಯೊಂದೇ ಇದಕ್ಕೆ ಕಾರಣವಲ್ಲ. ವಂಶ, ಮೈಭಾರ, ವ್ಯಾಯಾಮವಿಲ್ಲದ ಬದುಕು ಎಲ್ಲವೂ ಕೂಡಿವೆ. ಆದರೆ ಅತಿಸಿಹಿಯು ಮೈಭಾರವನ್ನು ಬೆಳೆಸಿ ರೋಗಕ್ಕೆ ದಾರಿ ಮಾಡುತ್ತದೆ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸುವುದರಿಂದ ಮಕ್ಕಳ ಹಲ್ಲುಗಳೂ ಹುಳುಕಾಗುತ್ತವೆ.

ನಾಲಗೆಯು ಅಭ್ಯಾಸದ ಅಧೀನ. ಚಹದ ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ತಗ್ಗಿಸಿದರೆ ಕೊರತೆ ಅಷ್ಟಾಗಿ ತೋರದು. ಮಧುಮೇಹಕ್ಕೆ ಔಷಧಿ ಸೇವಿಸುತ್ತಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಆಹಾರವನ್ನು ಬದಲಿಸತಕ್ಕದ್ದು.

ಈ ಅಭ್ಯಾಸಕ್ಕೆ ಶಾಲೆಯೇ ತಕ್ಕ ಎಡೆ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2025ರಲ್ಲಿ ತನ್ನ ಶಾಲೆಗಳಿಗೆ, ಸಕ್ಕರೆಯ ಪ್ರಮಾಣವನ್ನು ತಿಳಿಸುವ ಫಲಕಗಳನ್ನು ಇರಿಸಲು ಸೂಚಿಸಿತು. ಅಧ್ಯಾಪಕರು ಆ ಲೆಕ್ಕವನ್ನು ಗಣಿತದ ಪಾಠದಲ್ಲಿಯೇ ಮಾಡಿಸಬಹುದು. ಜನ್ಮದಿನಕ್ಕೆ, ಹಿರಿಯರ ಸ್ಮರಣೆಗೆ ಮಕ್ಕಳಿಗೆ ಸಿಹಿ ಹಂಚಿಸುವ ದಾನಿಗಳು ಬಾಳೆಹಣ್ಣು, ಕೋಸಂಬರಿ, ಮಜ್ಜಿಗೆಗಳನ್ನು ನೀಡಿದರೆ ದಾಸೋಹದ ಪುಣ್ಯಕ್ಕೆ ಕುಂದಿಲ್ಲ. ಶರಣರ ದೃಷ್ಟಿಯಲ್ಲಿ ಅನ್ನವು ಪ್ರಸಾದ, ಕಾಯವು ಕಾಯಕಕ್ಕೆ ಸಾಧನ. ಆ ಸಾಧನವನ್ನು ಎಳವೆಯಲ್ಲಿಯೇ ಕೆಡದಂತೆ ಕಾಯುವುದೂ ದಾಸೋಹವೇ. ಹಬ್ಬದ ಹೋಳಿಗೆ ಹಬ್ಬಕ್ಕಿರಲಿ. ನಿತ್ಯದ ಲೋಟದಲ್ಲಿ ಸಿಹಿ ತಗ್ಗಲಿ.